ಹಕ್ಕಿಯ ಮೂಗಿಗೆ ಅಂಟಿದ ಅಪವಾದ

1930ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೈಸರ್ಗಿಕ ಅನಿಲದ ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರುಗಳು ಸೋರಿಕೆ ಹುಡುಕಲು ನೆಲವನ್ನಲ್ಲ, ಆಕಾಶವನ್ನು ನೋಡುತ್ತಿದ್ದರು. ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬು ರಾಸಾಯನಿಕವನ್ನು ಬೆರೆಸುತ್ತಿದ್ದರು. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವುದೂ ಇದೇ. ಗುಡ್ಡಗಾಡಿನಲ್ಲಿ ಮೈಲುಗಟ್ಟಲೆ ಹರಿದ ಕೊಳವೆಯಲ್ಲಿ ಎಲ್ಲಾದರೂ ಬಿರುಕು ಬಿಟ್ಟರೆ ಸ್ವಲ್ಪ ಹೊತ್ತಿಗೆ ಆ ಜಾಗದ ಮೇಲೆ ಟರ್ಕಿ ರಣಹದ್ದುಗಳು ಸುತ್ತು ಹಾಕತೊಡಗುತ್ತಿದ್ದವು. ಕೊಳೆಯಲು ಶುರುವಾದ ಮಾಂಸದಿಂದಲೂ ಮರ್ಕ್ಯಾಪ್ಟನ್ ಹೊಮ್ಮುತ್ತದೆ. ಪಾಪ, ಹಕ್ಕಿಗಳು ಊಟ ಸಿಕ್ಕೀತೆಂದು ಬರುತ್ತಿದ್ದವು. ಎಂಜಿನಿಯರುಗಳು ಹಕ್ಕಿ ಸುತ್ತುತ್ತಿದ್ದ ಕಡೆಗೆ ಸಲಕರಣೆ ಹೊತ್ತು ನಡೆಯುತ್ತಿದ್ದರು.

ವಿಚಿತ್ರವೆಂದರೆ ಅದೇ ಕಾಲದ ಪ್ರಾಣಿಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಹಕ್ಕಿಗಳಿಗೆ ವಾಸನೆ ಹಿಡಿಯುವ ಶಕ್ತಿ ಇಲ್ಲವೆಂದೋ, ಇದ್ದರೂ ಲೆಕ್ಕಕ್ಕಿಲ್ಲವೆಂದೋ ಬರೆದಿತ್ತು. ಕೊಳವೆ ರಿಪೇರಿ ಮಾಡುವವರಿಗೆ ಗೊತ್ತಿದ್ದ ಸಂಗತಿ ಪ್ರೊಫೆಸರುಗಳಿಗೆ ಗೊತ್ತಿರಲಿಲ್ಲ. ಹಾಗಾಗಲು ಕಾರಣ ಅಜ್ಞಾನವಲ್ಲ. ಬಹಳ ಪ್ರಸಿದ್ಧವಾದ ಒಂದು ಪ್ರಯೋಗ ಅವರ ದಾರಿಗೆ ಅಡ್ಡ ನಿಂತಿತ್ತು.

ಆ ಪ್ರಯೋಗ ಜಾನ್ ಜೇಮ್ಸ್ ಆಡುಬಾನ್‌ನದು. ಅಮೆರಿಕದ ಹಕ್ಕಿಗಳನ್ನು ಜೀವಂತವೆನಿಸುವಂತೆ ಚಿತ್ರಿಸಿ ಹೆಸರಾದವನು. 1826ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಗಿದ್ದಾಗ ಅಲ್ಲಿನ ವಿದ್ವಾಂಸರ ಸಭೆಗೆ ಒಂದು ಪ್ರಬಂಧ ಒಪ್ಪಿಸಿದ. ಟರ್ಕಿ ರಣಹದ್ದು ಹೆಣವನ್ನು ವಾಸನೆಯಿಂದ ಪತ್ತೆ ಮಾಡುತ್ತದೆ ಎಂಬ ಜನರ ನಂಬಿಕೆಯನ್ನು ಒಡೆದುಹಾಕುವುದೇ ತನ್ನ ಉದ್ದೇಶವೆಂದು ತಲೆಬರಹದಲ್ಲಿಯೇ ಸಾರಿದ್ದ. ಅವನು ಮಾಡಿದ್ದು ಇಷ್ಟು: ಜಿಂಕೆಯ ತೊಗಲಿಗೆ ಹುಲ್ಲು ತುಂಬಿ ಬಯಲಿನಲ್ಲಿ ಅಂಗಾತ ಮಲಗಿಸಿದ. ರಣಹದ್ದು ಬಂದಿಳಿದು ಹೊಲಿಗೆ ಕಿತ್ತು, ಹುಲ್ಲು ಎಳೆದುಹಾಕಿ, ಏನೂ ಸಿಗದೆ ಹಾರಿಹೋಯಿತು. ಇನ್ನೊಂದು ಸಲ, ಸುಡುಬಿಸಿಲಿನ ದಿನಗಳಲ್ಲಿ ಸತ್ತ ಹಂದಿಯೊಂದನ್ನು ಕೊರಕಲಿಗೆ ಎಳೆಸಿ ಮೇಲೆ ಸೊಪ್ಪುಸದೆ ಮುಚ್ಚಿಸಿದ. ಹಂದಿ ಕೊಳೆತು ನಾರಿತು. ನಾಯಿಗಳು ಬಂದವು, ತಿಂದವು. ರಣಹದ್ದುಗಳು ಮೇಲೆ ಹಾರಾಡಿದವೇ ಹೊರತು ಒಂದೂ ಕೆಳಗಿಳಿಯಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು: ರಣಹದ್ದಿಗೆ ಇರುವುದು ಕಣ್ಣು ಮಾತ್ರ.

ಆಡುಬಾನ್‌ನ ಗೆಳೆಯ, ಚಾರ್ಲ್ಸ್‌ಟನ್ನಿನ ಪಾದ್ರಿ ಜಾನ್ ಬಾಕ್‌ಮನ್ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದ. ಹೊಟ್ಟೆ ಸೀಳಿದ ಕುರಿಯ ಚಿತ್ರವನ್ನು ಕ್ಯಾನ್ವಾಸಿನ ಮೇಲೆ ಬರೆಸಿ ನೆಲದ ಮೇಲಿಟ್ಟ. ರಣಹದ್ದುಗಳು ಬಂದು ಬಣ್ಣದ ಕುರಿಯನ್ನು ಕುಕ್ಕಿದವು. ಪಕ್ಕದಲ್ಲಿಯೇ ಮುಚ್ಚಿಟ್ಟಿದ್ದ ನಿಜವಾದ ಮಾಂಸದ ಗೊಡವೆಗೇ ಹೋಗಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವಾಟರ್ಟನ್ ಎಂಬ ಹಟಮಾರಿ ನಿಸರ್ಗತಜ್ಞ ಇದೆಲ್ಲ ಶುದ್ಧ ತಪ್ಪು ಎಂದು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಕೂಗಾಡಿದ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅಲೆದು ಈ ಹಕ್ಕಿಯನ್ನು ಹತ್ತಿರದಿಂದ ಕಂಡವನು ಅವನು. ಆದರೆ ಅವನ ಬಳಿ ಇದ್ದದ್ದು ಅನುಭವ, ಇವರ ಬಳಿ ಇದ್ದದ್ದು ಪ್ರಯೋಗ. ಕೂಗಾಟಕ್ಕಿಂತ ಕ್ಯಾನ್ವಾಸಿನ ಕುರಿಯೇ ಜನರ ನೆನಪಿನಲ್ಲಿ ಉಳಿಯಿತು.

ಚಾರ್ಲ್ಸ್ ಡಾರ್ವಿನ್ ಕೂಡ ಕೈಯಾಡಿಸಿದ. ಬೀಗಲ್ ಹಡಗಿನ ಯಾನದಲ್ಲಿ ಚಿಲಿಯ ವಾಲ್ಪರೈಸೊ ಊರಿನ ತೋಟವೊಂದರಲ್ಲಿ ಗೋಡೆಯ ಬುಡಕ್ಕೆ ಸಾಲಾಗಿ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳನ್ನು ಕಟ್ಟಿಹಾಕಿದ್ದರು. ಮಾಂಸದ ತುಂಡನ್ನು ಬಿಳಿಯ ಕಾಗದದಲ್ಲಿ ಸುತ್ತಿಕೊಂಡು ಡಾರ್ವಿನ್ ಅವುಗಳೆದುರು ಅತ್ತಿತ್ತ ನಡೆದ. ಒಂದಕ್ಕೂ ಗಮನವಿಲ್ಲ. ಪೊಟ್ಟಣವನ್ನು ನೆಲಕ್ಕೆಸೆದು ಕೋಲಿನಿಂದ ತಳ್ಳುತ್ತ ಮುದಿ ಗಂಡೊಂದರ ಕೊಕ್ಕಿಗೇ ತಾಗಿಸಿದ ಮೇಲೆ ಅದು ಕಾಗದ ಹರಿಯಿತು, ಸಾಲಿಗೆ ಸಾಲೇ ರೆಕ್ಕೆ ಬಡಿದು ಒದ್ದಾಡಿತು. ನಾಯಿಯನ್ನು ಹೀಗೆ ಏಮಾರಿಸಲು ಆಗುತ್ತಿರಲಿಲ್ಲ ಎಂದು ಡಾರ್ವಿನ್ ಬರೆದಿಟ್ಟ. ಆದರೆ ಅವನು ಡಾರ್ವಿನ್. ಅಲ್ಲಿಗೇ ನಿಲ್ಲಿಸದೆ, ಟರ್ಕಿ ರಣಹದ್ದನ್ನು ಕೊಯ್ದು ನೋಡಿದ ಅಂಗರಚನಾ ತಜ್ಞ ರಿಚರ್ಡ್ ಓವೆನ್‌ಗೆ ಅದರ ವಾಸನೆಯ ನರಗಳು ಚೆನ್ನಾಗಿ ಬೆಳೆದಿರುವುದು ಕಂಡಿದೆ ಎಂಬುದನ್ನೂ ಸೇರಿಸಿ, ಎರಡೂ ಕಡೆಯ ಸಾಕ್ಷ್ಯ ಸಮತೂಕವಾಗಿದೆ ಎಂದು ಬಿಟ್ಟ. ಆ ಎರಡನೆಯ ಮಾತನ್ನು ಓದಿದವರು ಕಡಿಮೆ.

ಹಾಗಾದರೆ ಆಡುಬಾನ್ ಎಡವಿದ್ದೆಲ್ಲಿ? ಮೊದಲನೆಯದು, ಅಮೆರಿಕದಲ್ಲಿ ಅವನು ಪ್ರಯೋಗ ಮಾಡಿದ ಭಾಗದಲ್ಲಿ ಎರಡು ಜಾತಿಯ ರಣಹದ್ದುಗಳಿವೆ. ಟರ್ಕಿ ರಣಹದ್ದು ಮೂಗಿನ ಹಕ್ಕಿ, ಕಪ್ಪು ರಣಹದ್ದು ಕಣ್ಣಿನ ಹಕ್ಕಿ. ಬಣ್ಣದ ಕುರಿಗೆ ಮರುಳಾದದ್ದು ಬಹುಶಃ ಎರಡನೆಯದು. ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು: ಹೆಣ ನಾರಿದಷ್ಟೂ ರಣಹದ್ದಿಗೆ ಪ್ರಿಯ ಎಂದು ಅವನು ಭಾವಿಸಿದ್ದು. ಟರ್ಕಿ ರಣಹದ್ದಿಗೂ ಊಟದ ರುಚಿ ಶುಚಿ ಇದೆ. 1980ರ ದಶಕದಲ್ಲಿ ಸಂಶೋಧಕ ಡೇವಿಡ್ ಹೂಸ್ಟನ್ ಪನಾಮದ ಬಾರೊ ಕೊಲರಾಡೊ ದ್ವೀಪದ ದಟ್ಟ ಕಾಡಿನಲ್ಲಿ ಸತ್ತ ಕೋಳಿಗಳನ್ನು ಇಟ್ಟು ನೋಡಿದರು. ಕೆಲವನ್ನು ತರಗೆಲೆಯಡಿ ಹೂತರು. ಮರಗಳ ಚಪ್ಪರದ ಕೆಳಗೆ, ಎಲೆಯ ಮರೆಯಲ್ಲಿ ಇದ್ದರೂ ಹೆಚ್ಚುಕಡಿಮೆ ಎಲ್ಲವನ್ನೂ ರಣಹದ್ದುಗಳು ಮೂರು ದಿನದೊಳಗೆ ಹುಡುಕಿದವು. ಆದರೆ ಪೂರ್ತಿ ಕೊಳೆತದ್ದಕ್ಕಿಂತ ಒಂದು ದಿನ ಹಳೆಯದನ್ನು ಅವು ಇಷ್ಟಪಟ್ಟವು. ಆಡುಬಾನ್‌ನ ಹಂದಿಯ ವಾಸನೆ ಅವಕ್ಕೆ ತಲುಪದೆ ಇದ್ದಿರಲಾರದು. ತಲುಪಿಯೇ ಬೇಡವೆಂದಿರಬೇಕು.

ಇದಕ್ಕೂ ಮೊದಲೇ, 1964ರಲ್ಲಿ, ಲಾಸ್ ಏಂಜಲೀಸಿನ ವಸ್ತುಸಂಗ್ರಹಾಲಯದ ಕೆನೆತ್ ಸ್ಟೇಗರ್ ಅನಿಲ ಕೊಳವೆಯವರ ಮಾತು ಕೇಳಿ ತಾವೇ ಗುಡ್ಡಗಳ ನಡುವೆ ಈಥೈಲ್ ಮರ್ಕ್ಯಾಪ್ಟನ್ ಬಿಟ್ಟು ನೋಡಿ, ಟರ್ಕಿ ರಣಹದ್ದುಗಳು ಬರಿಯ ವಾಸನೆಗೇ ಬರುತ್ತವೆಂದು ದಾಖಲಿಸಿದರು. 2017ರಲ್ಲಿ ಎರಡೂ ಜಾತಿಗಳ ಮಿದುಳನ್ನು ಹೋಲಿಸಿದಾಗ, ವಾಸನೆಯನ್ನು ಅರ್ಥ ಮಾಡಿಕೊಳ್ಳುವ ಮುಂತುದಿಯ ಭಾಗ (ಆಲ್‌ಫ್ಯಾಕ್ಟರಿ ಬಲ್ಬ್) ಟರ್ಕಿ ರಣಹದ್ದಿನಲ್ಲಿ ಕಪ್ಪು ರಣಹದ್ದಿಗಿಂತ ನಾಲ್ಕು ಪಟ್ಟು ದೊಡ್ಡದಿರುವುದು ತಿಳಿಯಿತು. ಕಪ್ಪು ರಣಹದ್ದು ಇದನ್ನು ಬೇರೆ ರೀತಿಯಲ್ಲಿ ಸರಿದೂಗಿಸಿಕೊಂಡಿದೆ. ಮೇಲಿನಿಂದ ಟರ್ಕಿ ರಣಹದ್ದಿನ ಮೇಲೆ ಕಣ್ಣಿಟ್ಟಿದ್ದು, ಅದು ಇಳಿದಲ್ಲಿ ತಾನೂ ಇಳಿದು, ಗುಂಪು ಕಟ್ಟಿ ಅದನ್ನು ಓಡಿಸುತ್ತದೆ.

ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡು ಮಾಡುವ ನಮ್ಮ ಉದ್ದ ಕೊಕ್ಕಿನ ರಣಹದ್ದಿಗೆ ಈ ಕಥೆಯನ್ನು ಹಾಗೆಯೇ ಅಂಟಿಸುವಂತಿಲ್ಲ. ಹಳೆಯ ಜಗತ್ತಿನ, ಅಂದರೆ ಏಷ್ಯಾ, ಆಫ್ರಿಕಾ, ಯುರೋಪಿನ ರಣಹದ್ದುಗಳು ಅಮೆರಿಕದವುಗಳ ಹತ್ತಿರದ ನೆಂಟರಲ್ಲ. ಒಂದೇ ಕಸುಬು ಹಿಡಿದದ್ದರಿಂದ ರೂಪ ಒಂದೇ ಆಗಿದೆ, ಅಷ್ಟೆ. ನಮ್ಮವು ಬಯಲು ಸೀಮೆಯ ಮೇಲೆ ಎತ್ತರದಲ್ಲಿ ತೇಲುತ್ತ ಕಣ್ಣಿನಿಂದ ಹುಡುಕುತ್ತವೆ, ಒಂದು ಇಳಿದರೆ ಮೈಲಿ ದೂರದ ಇನ್ನೊಂದು ಅದನ್ನು ನೋಡಿ ಬರುತ್ತದೆ. ಕಡಲಾಚೆಯ ಲಂಕೆಯಲ್ಲಿದ್ದ ಸೀತೆಯನ್ನು ಕಂಡು ಹೇಳಿದ ಸಂಪಾತಿಗೆ ವಾಲ್ಮೀಕಿ ಕಣ್ಣು ಕೊಟ್ಟದ್ದು ಸರಿಯಾಗಿಯೇ ಇದೆ.

ರಣಹದ್ದಿನ ವಿಚಾರ ಹೀಗೆ ಹಗ್ಗಜಗ್ಗಾಟದಲ್ಲಿದ್ದಾಗ ಇಡೀ ಹಕ್ಕಿ ಕುಲದ ಮೂಗಿನ ಪರವಾಗಿ ನಿಂತವರು ಒಬ್ಬ ಚಿತ್ರಕಾರ್ತಿ. ಬೆಟ್ಸಿ ಬ್ಯಾಂಗ್ ವೈದ್ಯಕೀಯ ಚಿತ್ರಗಳನ್ನು ಬರೆಯುವವರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಅವರ ಗಂಡ ಉಸಿರಾಟದ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದರು. ಆ ಕೆಲಸಕ್ಕಾಗಿ ಹಕ್ಕಿಗಳ ಮೂಗನ್ನು ಸೀಳಿ ನೋಡಿ ಚಿತ್ರ ಬರೆಯುವಾಗ ಬೆಟ್ಸಿಗೆ ಒಳಗೆ ಸುರುಳಿ ಸುರುಳಿಯಾದ ಎಲುಬಿನ ಪದರಗಳೂ ಅವುಗಳ ಮೇಲೆ ಹರಡಿದ ಸೂಕ್ಷ್ಮ ಪೊರೆಯೂ ಕಂಡವು. ವಾಸನೆಯೇ ತಿಳಿಯದ ಪ್ರಾಣಿಗೆ ಇಷ್ಟು ಕುಸುರಿಯ ಮೂಗೇಕೆ? 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಇದನ್ನು ಬರೆದರು. 1968ರಲ್ಲಿ ನರತಜ್ಞ ಸ್ಟಾನ್ಲಿ ಕಾಬ್ ಜೊತೆ ಸೇರಿ 108 ಜಾತಿಯ ಹಕ್ಕಿಗಳ ಮಿದುಳನ್ನು ಅಳೆದರು. ಮಿದುಳಿನ ಅರೆಗೋಳದ ಉದ್ದಕ್ಕೆ ಹೋಲಿಸಿದರೆ ವಾಸನೆಯ ಭಾಗದ ಉದ್ದ ಎಷ್ಟು ಎಂಬುದು ಅವರ ಲೆಕ್ಕ. ಅಂಟಾರ್ಕ್ಟಿಕದ ಹಿಮ ಪೆಟ್ರೆಲ್‌ನಲ್ಲಿ ಅದು ಶೇ 37, ಅಮೆರಿಕದ ಕರಿನೆತ್ತಿಯ ಚೇಕಡಿ ಎಂಬ ಪುಟ್ಟ ಹಕ್ಕಿಯಲ್ಲಿ ಶೇ 3. ಇವೆರಡರ ನಡುವೆ ಉಳಿದವೆಲ್ಲ.

ಒಂದು ಅಡ್ಡಮಾತು. ಇದೇ ಬೆಟ್ಸಿ ಬ್ಯಾಂಗ್ ಮುಂದೆ ಬಂಗಾಳಿ ಜನಪದ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿಗೆ ತಂದರು. ಮಗಳು ಮಾಲಿ ಬ್ಯಾಂಗ್ ಅವಕ್ಕೆ ಚಿತ್ರ ಬರೆದರು. ಅವುಗಳಲ್ಲೊಂದು ಟುನ್‌ಟುನಿ ಎಂಬ ಸಿಂಪಿಗ ಹಕ್ಕಿಯ ಕಥೆ. ಹಕ್ಕಿಯ ಮೂಗಿನ ಒಳಗನ್ನು ಕಂಡ ಕಣ್ಣು ಹಕ್ಕಿಯ ಕಥೆಯನ್ನೂ ಬಿಡಲಿಲ್ಲ.

ಅಂಗವಿದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎನ್ನಲಾಗದು ಎಂದು ಸಂದೇಹಿಗಳು ಹೇಳಬಹುದಿತ್ತು, ಹೇಳಿದರು ಕೂಡ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ನಿಸ್ ವೆನ್ಜೆಲ್ ಪಾರಿವಾಳಗಳನ್ನೇ ಕೇಳಿದರು. ಶುದ್ಧ ಗಾಳಿಯ ನಡುವೆ ಸ್ವಲ್ಪ ವಾಸನೆ ಬಿಟ್ಟು ಹಕ್ಕಿಯ ಎದೆಬಡಿತ ಅಳೆದರು. ವಾಸನೆ ಬಂದಾಗಲೆಲ್ಲ ಬಡಿತ ಏರಿತು. ಆಮೇಲೆ ಅವರು ನ್ಯೂಜಿಲೆಂಡಿಗೆ ಹೋಗಿ ಕೀವಿಯನ್ನು ಪರೀಕ್ಷಿಸಿದರು. ಬೇರೆ ಹಕ್ಕಿಗಳಿಗೆ ಮೂಗಿನ ಹೊಳ್ಳೆ ಕೊಕ್ಕಿನ ಬುಡದಲ್ಲಿದ್ದರೆ ಕೀವಿಗೆ ಅದು ಕೊಕ್ಕಿನ ತುದಿಯಲ್ಲಿದೆ. ರಾತ್ರಿ ಹೊತ್ತು ಕೊಕ್ಕನ್ನು ಮಣ್ಣಿಗೆ ಚುಚ್ಚುತ್ತ ಎರೆಹುಳು ಹುಡುಕುವ ಹಕ್ಕಿ ಅದು. ನೆಲದಲ್ಲಿ ಹೂತ ಕೊಳವೆಗಳಲ್ಲಿ ಕೆಲವಕ್ಕೆ ಆಹಾರ, ಕೆಲವಕ್ಕೆ ಬರಿ ಮಣ್ಣು ತುಂಬಿ ಬಾಯಿ ಮುಚ್ಚಿದರೆ, ಕೀವಿ ಆಹಾರದ ಕೊಳವೆಗಳ ಮುಚ್ಚಳವನ್ನೇ ತೂತು ಮಾಡಿತು. ಕೊಕ್ಕಿನ ತುದಿಯಲ್ಲಿ ಕಂಪನ ತಿಳಿಯುವ ಶಕ್ತಿಯೂ ಅದಕ್ಕಿದೆಯೆಂದು ಈಚೆಗೆ ಗೊತ್ತಾಗಿದೆ. ಆದರೆ ಸತ್ತ ಆಹಾರ ಕಂಪಿಸುವುದಿಲ್ಲ.

ನನ್ನ ಮಟ್ಟಿಗೆ ಈ ಇಡೀ ವಿಷಯದ ಹೃದಯ ಇರುವುದು ಕಡಲಿನಲ್ಲಿ. ಪೆಟ್ರೆಲ್, ಶಿಯರ್‌ವಾಟರ್, ಆಲ್ಬಟ್ರಾಸ್‌ಗಳ ಕೊಕ್ಕಿನ ಮೇಲೆ ಮೂಗು ಕೊಳವೆಯ ಆಕಾರದಲ್ಲಿರುತ್ತದೆ. ಗುರುತೇ ಇಲ್ಲದ ನೀರಿನ ಮೇಲೆ ಸಾವಿರಾರು ಕಿಲೋಮೀಟರ್ ಹಾರಿ, ಅಲ್ಲೊಂದು ಇಲ್ಲೊಂದು ಕಡೆ ಒಟ್ಟುಗೂಡುವ ಕ್ರಿಲ್ ಎಂಬ ಸಿಗಡಿಯಂಥ ಜೀವಿಗಳನ್ನು ಅವು ಹುಡುಕಿಕೊಳ್ಳುತ್ತವೆ. ಹೇಗೆ? 1990ರ ದಶಕದ ಆರಂಭದಲ್ಲಿ ಗೇಬ್ರಿಯೆಲ್ ನೆವಿಟ್ ಎಂಬ ಸಂಶೋಧಕಿ ಅಂಟಾರ್ಕ್ಟಿಕದ ಸಮುದ್ರದಲ್ಲಿ ಮೀನಿನ ವಾಸನೆಯ ಪದಾರ್ಥಗಳನ್ನು ಬಿಟ್ಟು ನೋಡುತ್ತಿದ್ದರು. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಅವರು ಬಿದ್ದು ಮೂತ್ರಪಿಂಡಕ್ಕೆ ಪೆಟ್ಟಾಯಿತು. ಹಡಗು ದಡ ಸೇರಿದರೂ ಎದ್ದು ಹೋಗಲಾಗದೆ ಮಲಗಿದ್ದಾಗ, ಮುಂದಿನ ಯಾನಕ್ಕೆಂದು ಹಡಗು ಹತ್ತಿದ ವಾತಾವರಣ ವಿಜ್ಞಾನಿ ಟಿಮ್ ಬೇಟ್ಸ್ ಮಾತಿಗೆ ಕುಳಿತರು. ಅವರು ಬಂದಿದ್ದದ್ದು ಡೈಮೀಥೈಲ್ ಸಲ್ಫೈಡ್ ಎಂಬ ಅನಿಲವನ್ನು ಅಳೆಯಲು. ಅವರು ತೋರಿಸಿದ ನಕ್ಷೆಗಳಲ್ಲಿ ಈ ಅನಿಲ ಕಡಲಿನ ಮೇಲೆ ಒಂದೇ ಸಮ ಹರಡಿರಲಿಲ್ಲ. ಕೆಲವೆಡೆ ಗುಡ್ಡ, ಕೆಲವೆಡೆ ಬಯಲು. ನೆವಿಟ್‌ಗೆ ಬೇಕಾದದ್ದು ಸಿಕ್ಕಿತು.

ಕಡಲಿನ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಕ್ರಿಲ್ ಮೇಯುವಾಗ ಆ ಸಸ್ಯಗಳ ಜೀವಕೋಶ ಒಡೆದು ಡೈಮೀಥೈಲ್ ಸಲ್ಫೈಡ್ ಹೊರಬರುತ್ತದೆ. ಸಮುದ್ರ ತೀರದಲ್ಲಿ ನಿಂತಾಗ ನಮಗೆ ಬರುವ ‘ಕಡಲ ವಾಸನೆ’ಯಲ್ಲಿ ಇದರ ಪಾಲು ದೊಡ್ಡದು. ಅಂದರೆ ವಾಸನೆ ಗಾಢವಾದಲ್ಲಿ ಮೇವು, ಮೇವಿದ್ದಲ್ಲಿ ಮೇಯುವವರು, ಮೇಯುವವರಿದ್ದಲ್ಲಿ ಪೆಟ್ರೆಲ್‌ನ ಊಟ. 1995ರಲ್ಲಿ ‘ನೇಚರ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೆವಿಟ್ ತಂಡ ಈ ರಾಸಾಯನಿಕ ಬೆರೆಸಿದ ಅಡುಗೆ ಎಣ್ಣೆಯನ್ನು ನೀರಿನ ಮೇಲೆ ಚೆಲ್ಲಿದಾಗ ಬರಿ ಎಣ್ಣೆಗಿಂತ ಹೆಚ್ಚು ಹಕ್ಕಿಗಳು ಅದರತ್ತ ತಿರುಗಿದವು. ಎಲ್ಲ ಜಾತಿಯವೂ ಅಲ್ಲ. ಪುಟ್ಟ ಪೆಟ್ರೆಲ್‌ಗಳು, ಅವುಗಳ ನೆಂಟರಾದ ಪ್ರಯಾನ್‌ಗಳು ಬಂದವು. ದೊಡ್ಡ ಆಲ್ಬಟ್ರಾಸ್‌ಗಳಿಗೆ ಇದು ಅಷ್ಟು ಬೇಕಿರಲಿಲ್ಲ. ಅವು ಸತ್ತ ಮೀನು, ಸ್ಕ್ವಿಡ್‌ಗಳ ವಾಸನೆ ಹಿಡಿದು ಎದುರುಗಾಳಿಗೆ ಅಂಕುಡೊಂಕಾಗಿ ಹಾರುತ್ತವೆ. ನಮಗೆ ಸಪಾಟು ನೀಲಿಯಾಗಿ ಕಾಣುವ ಕಡಲು ಈ ಹಕ್ಕಿಗಳಿಗೆ ಏರುತಗ್ಗುಗಳ ನಾಡು, ಆ ನಾಡನ್ನು ಅವು ನೋಡುವುದು ಮೂಗಿನಿಂದ.

ಇಷ್ಟು ಸೊಗಸಾದ ವ್ಯವಸ್ಥೆಗೆ ಕನ್ನ ಹಾಕಿದವರು ನಾವು. ಪೆಟ್ರೆಲ್‌ಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ತುಂಡುಗಳು ಸಿಗುವುದು ದಶಕಗಳಿಂದ ಗೊತ್ತು. ಆಹಾರದಂತೆ ಕಂಡದ್ದರಿಂದ ನುಂಗಿದವು ಎಂದೇ ಎಲ್ಲರ ಊಹೆ. ಮ್ಯಾಥ್ಯೂ ಸವೋಕಾ ಮತ್ತು ನೆವಿಟ್ ಮೂರು ಬಗೆಯ ಸಾಮಾನ್ಯ ಪ್ಲಾಸ್ಟಿಕ್ ಮಣಿಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ಕ್ಯಾಲಿಫೋರ್ನಿಯಾದ ಕಡಲಲ್ಲಿ ಮೂರು ವಾರ ಇಳಿಬಿಟ್ಟರು. ಮೇಲೆತ್ತಿದಾಗ ಅವುಗಳ ಮೇಲೆ ಪಾಚಿ ಕಟ್ಟಿತ್ತು, ಅವು ಡೈಮೀಥೈಲ್ ಸಲ್ಫೈಡ್ ಸೂಸುತ್ತಿದ್ದವು. 2016ರಲ್ಲಿ ಅವರು ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿ ನೋಡಿದಾಗ, ಈ ವಾಸನೆಗೆ ಸ್ಪಂದಿಸುವ ಜಾತಿಗಳು ಉಳಿದವುಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಬಾರಿ ಪ್ಲಾಸ್ಟಿಕ್ ತಿಂದಿದ್ದವು. ಈ ಲೆಕ್ಕಾಚಾರಕ್ಕೆ ಬೇರೆ ವಿಜ್ಞಾನಿಗಳಿಂದ ಆಕ್ಷೇಪಗಳೂ ಬಂದಿವೆ, ಚರ್ಚೆ ಮುಗಿದಿಲ್ಲ. ಆದರೂ ಪ್ಲಾಸ್ಟಿಕ್ ಬರಿಯ ಕಣ್ಣಿನ ಮೋಸ ಎಂಬ ಮಾತು ಇನ್ನು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಪಾರಿವಾಳದ ಕಥೆಯಲ್ಲಿ ಜಗಳ ಇನ್ನೂ ಜೋರು. ಬೆಂಗಳೂರಿನ ಹಳೆಯ ಬಡಾವಣೆಗಳ ತಾರಸಿಗಳಲ್ಲಿ ಪಂದ್ಯದ ಪಾರಿವಾಳ ಸಾಕುವವರನ್ನು ಕೇಳಿದರೆ ನೂರಾರು ಕಿಲೋಮೀಟರ್ ದೂರ ಒಯ್ದು ಬಿಟ್ಟರೂ ಹಕ್ಕಿ ಗೂಡಿಗೆ ಬರುತ್ತದೆ ಎನ್ನುತ್ತಾರೆ. ಸೂರ್ಯನನ್ನು ನೋಡಿ ದಿಕ್ಕು ತಿಳಿಯುತ್ತದೆ, ಭೂಮಿಯ ಅಯಸ್ಕಾಂತ ಶಕ್ತಿ ತಿಳಿಯುತ್ತದೆ, ಎರಡಕ್ಕೂ ಪುರಾವೆ ಇದೆ. ಆದರೆ ದಿಕ್ಕು ತಿಳಿದರೆ ಸಾಲದು. ಬುಟ್ಟಿಯಲ್ಲಿ ಕುಳಿತು ಬಂದ ಹಕ್ಕಿಗೆ ತಾನು ಮನೆಯಿಂದ ಯಾವ ಕಡೆಗೆ ಬಂದಿದ್ದೇನೆ ಎಂಬುದು ಗೊತ್ತಾಗುವುದು ಹೇಗೆ? ಇಟಲಿಯ ಪೀಸಾ ವಿಶ್ವವಿದ್ಯಾಲಯದ ಫ್ಲೋರಿಯಾನೊ ಪಾಪಿ 1972ರಲ್ಲಿ ಕೊಟ್ಟ ಉತ್ತರ ಹಲವರಿಗೆ ನಗು ತರಿಸಿತು: ಮೂಗಿನಿಂದ. ವಾಸನೆಯ ನರ ಕತ್ತರಿಸಿದ ಪಾರಿವಾಳಗಳು ಅಪರಿಚಿತ ಜಾಗದಿಂದ ಮನೆಗೆ ಬರಲಾರದೆ ಹೋದದ್ದನ್ನು ಅವರು ಕಂಡಿದ್ದರು.

ಪಾಪಿಯ ವಾದ ಹೀಗೆ. ಗೂಡಿನಲ್ಲಿ ಬೆಳೆಯುವ ಮರಿ ಯಾವ ದಿಕ್ಕಿನ ಗಾಳಿಯಲ್ಲಿ ಯಾವ ವಾಸನೆ ಬರುತ್ತದೆಂದು ಕಲಿತುಕೊಳ್ಳುತ್ತದೆ. ಸಕ್ಕರೆ ಕಾರ್ಖಾನೆಯ ಸುತ್ತಲಿನ ಊರಿನವರು ಗಾಳಿಯಲ್ಲಿ ತೇಲಿಬರುವ ಕಾಕಂಬಿಯ ವಾಸನೆಯಿಂದಲೇ ಇವತ್ತು ಗಾಳಿ ಎತ್ತಣದ್ದು ಎಂದು ಹೇಳುವ ಹಾಗೆ. ದೂರ ಒಯ್ದು ಬಿಟ್ಟಲ್ಲಿ ಆ ವಾಸನೆ ಗಾಢವಾಗಿದ್ದರೆ ತಾನು ಆ ದಿಕ್ಕಿಗೆ ಬಂದಿದ್ದೇನೆ ಎಂದರ್ಥ, ಉಲ್ಟಾ ಹಾರಬೇಕು. ಇದನ್ನು ಪರೀಕ್ಷಿಸಲು ಪೀಸಾದವರು ಗೂಡಿನೊಳಕ್ಕೆ ದಕ್ಷಿಣದಿಂದ ಆಲಿವ್ ಎಣ್ಣೆಯ ವಾಸನೆ, ಉತ್ತರದಿಂದ ಟರ್ಪೆಂಟೈನ್ ವಾಸನೆ ಬೀಸಿದರು. ಆಮೇಲೆ ಹೊರಗೊಯ್ದು ಕೊಕ್ಕಿಗೆ ಒಂದು ಹನಿ ಹಚ್ಚಿ ಬಿಟ್ಟರು. ಆಲಿವ್ ಎಣ್ಣೆಯ ಹಕ್ಕಿಗಳು ಉತ್ತರಕ್ಕೆ ಹಾರಿದವು, ಟರ್ಪೆಂಟೈನ್ ಹಚ್ಚಿದವು ದಕ್ಷಿಣಕ್ಕೆ. ಗೂಡಿಗೆ ಹಲಗೆ ನಿಲ್ಲಿಸಿ ಗಾಳಿಯ ದಿಕ್ಕು ತಿರುಗಿಸಿದರೆ ಹಕ್ಕಿಗಳ ದಿಕ್ಕೂ ತಿರುಗಿತು. ಜರ್ಮನಿ, ಅಮೆರಿಕದ ಕೆಲವು ಪ್ರಯೋಗಶಾಲೆಗಳಿಗೆ ಇಷ್ಟು ಚೊಕ್ಕ ಫಲಿತಾಂಶ ಸಿಗಲಿಲ್ಲ. ವಾಸನೆ ಬರಿಯ ಎಚ್ಚರಿಕೆಯ ಗಂಟೆ, ದಾರಿ ತೋರುವುದು ಬೇರೆಯೇ ಎಂದವರೂ ಇದ್ದಾರೆ.

ಜಗಳವನ್ನು ಒಂದು ಹೆಜ್ಜೆ ಮುಂದಕ್ಕೆ ತಂದದ್ದು ಮತ್ತೆ ಕಡಲ ಹಕ್ಕಿ. 2013ರಲ್ಲಿ ಪೀಸಾದ ಆನಾ ಗಾಲ್ಯಾರ್ಡೊ ತಂಡ ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳಿಂದ 24 ಶಿಯರ್‌ವಾಟರ್‌ಗಳನ್ನು 800 ಕಿಲೋಮೀಟರ್ ದೂರದ ನಡುಗಡಲಿಗೆ ಒಯ್ದು ಬಿಟ್ಟಿತು. ಕೆಲವಕ್ಕೆ ಅಯಸ್ಕಾಂತ ಕಟ್ಟಿ ಭೂಮಿಯ ಸುಳಿವನ್ನು ಕೆಡಿಸಲಾಗಿತ್ತು, ಕೆಲವಕ್ಕೆ ಮೂಗು ತೊಳೆದು ವಾಸನೆ ಕಳೆಯಲಾಗಿತ್ತು, ಉಳಿದವನ್ನು ಹಾಗೆಯೇ ಬಿಡಲಾಗಿತ್ತು. ಅಯಸ್ಕಾಂತ ಕಟ್ಟಿಕೊಂಡವು ಏನೂ ಆಗದವರ ಹಾಗೆ ಮನೆ ಸೇರಿದವು. ವಾಸನೆ ಕಳೆದುಕೊಂಡವು ಕಡಲ ಮೇಲೆ ದಿಕ್ಕೆಟ್ಟು ಅಲೆದವು. ಪಾಪಿಯನ್ನು ನೋಡಿ ನಕ್ಕವರ ಮೇಲೆ ಈಗ ಉತ್ತರ ಹೇಳುವ ಭಾರ ಬಿದ್ದಿದೆ.

ನೆಲದ ಹಕ್ಕಿಗಳ ಕಡೆಗೆ ಬಂದರೆ, ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಎರೆಹೊಲಗಳಿಗೂ ಬರುವ ಬಿಳಿ ಕೊಕ್ಕರೆಯ ಮೇಲೆ ಜರ್ಮನಿಯಲ್ಲಿ ಒಂದು ಸೊಗಸಾದ ಅಧ್ಯಯನ ನಡೆದಿದೆ. ಬೋಡನ್ ಸರೋವರದ ಸುತ್ತ ರೈತರು ಹುಲ್ಲು ಕೊಯ್ದ ಕೂಡಲೇ ಈ ಕೊಕ್ಕರೆಗಳು ಬಂದಿಳಿದು, ಅಡಗಲು ಜಾಗವಿಲ್ಲದಾದ ಇಲಿ, ಕೀಟಗಳನ್ನು ತಿನ್ನುತ್ತವೆ. ಮಾರ್ಟಿನ್ ವಿಕೆಲ್ಸ್ಕಿ ತಂಡ ವಿಮಾನದಿಂದ ನೋಡಿದಾಗ ಕೊಯ್ದ ಹುಲ್ಲಿನ ಮೇಲಿಂದ ಗಾಳಿ ಬೀಸಿಹೋಗುವ ಕಡೆಗಿದ್ದ ಕೊಕ್ಕರೆಗಳು ಮಾತ್ರ ಬರುತ್ತಿದ್ದವು. ಗಾಳಿಗೆ ಹಿಂಬದಿಯಲ್ಲಿದ್ದವು ಹತ್ತಿರವಿದ್ದರೂ ಸುಮ್ಮನಿದ್ದವು. ಕೊಯ್ಯದ ಹುಲ್ಲುಗಾವಲಿಗೆ ಹಸಿ ಹುಲ್ಲಿನ ವಾಸನೆಯ ರಾಸಾಯನಿಕ ಸಿಂಪಡಿಸಿದರೂ ಅವು ಬಂದವು. 2021ರಲ್ಲಿ ಪ್ರಕಟವಾದ ಅಧ್ಯಯನ ಇದು. ನಮ್ಮ ಹೊಲಗಳಲ್ಲಿ ನೇಗಿಲ ಹಿಂದೆ, ಟ್ರ್ಯಾಕ್ಟರಿನ ಹಿಂದೆ ಬರುವ ಬೆಳ್ಳಕ್ಕಿಗಳನ್ನು ಯಾರಾದರೂ ಗಾಳಿಯ ದಿಕ್ಕು ಗುರುತಿಸಿಕೊಂಡು ನೋಡಬಾರದೇ ಎನಿಸುತ್ತದೆ.

ಬ್ಯಾಂಗ್ ಮತ್ತು ಕಾಬ್ ಅವರ ಅಳತೆಪಟ್ಟಿಯ ತಳದಲ್ಲಿದ್ದ ಚೇಕಡಿ ಕುಲಕ್ಕೂ ಮೂಗಿದೆ ಎಂಬುದು ಇನ್ನೊಂದು ಅಚ್ಚರಿ. ಕಂಬಳಿಹುಳು ಮೇಯ್ದ ಸೇಬಿನ ಮರದಿಂದ ಹೊಮ್ಮುವ ವಾಸನೆಗೆ ಯುರೋಪಿನ ದೊಡ್ಡ ಚೇಕಡಿಗಳು ಬರುತ್ತವೆ, ಹುಳುವನ್ನೂ ತಿಂದ ಎಲೆಯನ್ನೂ ತೆಗೆದಿಟ್ಟರೂ ಬರುತ್ತವೆ. ಕಾರ್ಸಿಕಾ ದ್ವೀಪದ ನೀಲಿ ಚೇಕಡಿಯ ತಾಯಿ ಗೂಡಿನಲ್ಲಿ ಲ್ಯಾವೆಂಡರ್, ಪುದೀನದಂಥ ಸುವಾಸನೆಯ ಸೊಪ್ಪು ಇಡುತ್ತಾಳೆ, ವಾಸನೆ ಹೋದರೆ ಹೊಸದು ತರುತ್ತಾಳೆ. ಈ ಸೊಪ್ಪು ಮರಿಗಳ ಮೈಮೇಲಿನ ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುತ್ತದೆ. ನಮ್ಮ ಗುಬ್ಬಚ್ಚಿ ಗೂಡಿಗೆ ಬೇವಿನೆಲೆ ತರುವುದನ್ನು ಕೋಲ್ಕತ್ತದಲ್ಲಿ ನಡೆದ, 1981ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಗುಬ್ಬಿ ಬೇವನ್ನು ಮೂಸಿ ಆರಿಸುತ್ತದೋ, ನೋಡಿ ಆರಿಸುತ್ತದೋ ಎಂಬುದು ಬೇರೆ ಪ್ರಶ್ನೆ. ಇನ್ನು ಹೆಜ್ಜೇನಿನ ತಟ್ಟಿಗೆ ದಾಳಿಯಿಡುವ ನಮ್ಮ ಜೇನುಗಿಡುಗ ತೈವಾನಿನ ಜೇನುಸಾಕಣೆ ತೋಟಗಳಲ್ಲಿ ಹುಳುಗಳಿಗೆಂದು ಇಟ್ಟ ಪರಾಗದ ಮುದ್ದೆಯನ್ನು ತಿನ್ನಲು ಬರುತ್ತದೆ. ಪರಾಗವಿರುವ ಮುದ್ದೆ ಯಾವುದು, ಇಲ್ಲದ್ದು ಯಾವುದು ಎಂಬುದನ್ನು ಅದು ಬಣ್ಣದ ಜೊತೆಗೆ ವಾಸನೆಯಿಂದಲೂ ಗುರುತಿಸುತ್ತದೆ ಎಂದು ಅಲ್ಲಿನ ಸಂಶೋಧಕರು 2015ರಲ್ಲಿ ತೋರಿಸಿದರು.

ಗಿಳಿ ಮೆಣಸಿನಕಾಯಿ ತಿನ್ನುವುದನ್ನು ಎತ್ತಿ ಹಕ್ಕಿಗಳಿಗೆ ರುಚಿ ವಾಸನೆ ಎರಡೂ ಇಲ್ಲ ಎನ್ನುವವರಿದ್ದಾರೆ. ಖಾರ ವಾಸನೆಯೂ ಅಲ್ಲ, ರುಚಿಯೂ ಅಲ್ಲ, ಉರಿ. ಆ ಉರಿಯನ್ನು ತಿಳಿಸುವ ನರದ ಬೀಗಕ್ಕೆ ಹಕ್ಕಿಗಳಲ್ಲಿ ಮೆಣಸಿನಕಾಯಿಯ ಕೀಲಿ ಹೊಂದುವುದಿಲ್ಲ, ಅಷ್ಟೆ. ಮೂಗಿಗೂ ಅದಕ್ಕೂ ಸಂಬಂಧವಿಲ್ಲ.

ಹಕ್ಕಿಗಳು ವಾಸನೆ ಹಿಡಿಯುವುದಷ್ಟೇ ಅಲ್ಲ, ವಾಸನೆ ಬೀರುತ್ತವೆ ಕೂಡ. ಕೋಳಿ ಕೊಯ್ಯುವವರು ಬಾಲದ ಬುಡದ ಪುಟ್ಟ ಗಂಟನ್ನು ಕತ್ತರಿಸಿ ಬಿಸಾಡುತ್ತಾರೆ. ಅದು ಎಣ್ಣೆಯ ಗ್ರಂಥಿ. ಹಕ್ಕಿ ಕೊಕ್ಕಿನಿಂದ ಅದರ ಎಣ್ಣೆ ತೆಗೆದು ಗರಿಗಳಿಗೆ ಹಚ್ಚಿಕೊಳ್ಳುತ್ತದೆ. ಈ ಎಣ್ಣೆಯ ವಾಸನೆ ಜಾತಿಯಿಂದ ಜಾತಿಗೆ, ಗಂಡಿನಿಂದ ಹೆಣ್ಣಿಗೆ, ಒಂದೊಂದು ಹಕ್ಕಿಗೂ ಬೇರೆ. ಬಿಲದಲ್ಲಿ ಗೂಡು ಮಾಡುವ ಅಂಟಾರ್ಕ್ಟಿಕ್ ಪ್ರಯಾನ್‌ಗಳು ಕವಲು ಹಾದಿಯಲ್ಲಿ ತಮ್ಮ ಸಂಗಾತಿಯ ವಾಸನೆಯಿದ್ದ ಕಡೆಗೇ ನಡೆದದ್ದನ್ನು ಫ್ರಾನ್ಸಿನ ಫ್ರಾನ್ಸೆಸ್ಕೊ ಬೊನಡೊನಾ ಮತ್ತು ನೆವಿಟ್ 2004ರಲ್ಲಿ ತೋರಿಸಿದರು. ಕತ್ತಲಲ್ಲಿ ಸಾವಿರಾರು ಬಿಲಗಳ ನಡುವೆ ಮನೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ವಿಳಾಸ ಬೇರೆ ಇಲ್ಲ. ಅಲಾಸ್ಕಾದ ಜುಟ್ಟಿನ ಆಕ್ಲೆಟ್ ಎಂಬ ಕಡಲ ಹಕ್ಕಿಗಳ ಮೈಯಿಂದ ಕಿತ್ತಳೆ ಸಿಪ್ಪೆಯ ಪರಿಮಳ ಬರುತ್ತದೆ. ಪ್ರಣಯದ ಕಾಲದಲ್ಲಿ ಅವು ಒಂದರ ಕುತ್ತಿಗೆಯ ಗರಿಯೊಳಗೆ ಇನ್ನೊಂದು ಕೊಕ್ಕು ಹುದುಗಿಸುತ್ತವೆ.

ನಮ್ಮ ಅಂಗಳದ ಚಂದ್ರಮುಕುಟದ ಕಥೆ ಇದಕ್ಕೆ ಪೂರ್ತಿ ವಿರುದ್ಧ. ನೋಡಲು ರಾಜಠೀವಿ, ಆದರೆ ಮೊಟ್ಟೆಯಿಟ್ಟ ಕಾಲದಲ್ಲಿ ಅದರ ಪೊಟರೆಯ ಬಳಿ ನಿಲ್ಲಲಾಗದಷ್ಟು ನಾತ. ಮೊಟ್ಟೆ ಮರಿಗಳ ಕಾಲದಲ್ಲಿ ಮಾತ್ರ ಹೆಣ್ಣಿನ ಮತ್ತು ಮರಿಗಳ ಎಣ್ಣೆ ಗ್ರಂಥಿಯಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು, ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ನಾರುತ್ತದೆ. ಹೆಣ್ಣು ಅದನ್ನು ಮೊಟ್ಟೆಗಳಿಗೆ ಬಳಿಯುತ್ತದೆ, ಚಿಪ್ಪಿನ ಮೇಲಿನ ಸಣ್ಣ ಗುಳಿಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ರೋಗ ತರುವ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂದು ಸ್ಪೇನಿನ ಸಂಶೋಧಕರು ಕಂಡುಕೊಂಡಿದ್ದಾರೆ. ನೆಲದ ಮೇಲೆ ಮೊಟ್ಟೆಯಿಡುವ ಉಲ್ಲಂಕಿ ಜಾತಿಯ ಕೆಲವು ಹಕ್ಕಿಗಳು ಇದಕ್ಕೆ ವಿರುದ್ಧ ದಾರಿ ಹಿಡಿದಿವೆ. ಕಾವು ಕೂರುವ ಕಾಲದಲ್ಲಿ ಅವುಗಳ ಎಣ್ಣೆಯೇ ಬದಲಾಗಿ ವಾಸನೆ ಕುಗ್ಗುತ್ತದೆ, ಪಳಗಿಸಿದ ನಾಯಿಗೂ ಅದನ್ನು ಪತ್ತೆ ಹಚ್ಚುವುದು ಕಷ್ಟವಾಯಿತು.

ಇಷ್ಟೆಲ್ಲ ಓದಿದ ಮೇಲೆ ಒಂದು ಅನುಮಾನ ಏಳುವುದು ಸಹಜ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹಕ್ಕಿ ಮತ್ತೆ ಸೇರಿಸುವುದಿಲ್ಲ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಹಾಗಾದರೆ ಅದು ನಿಜವೇ? ನಿಜವಲ್ಲ. ಹಕ್ಕಿಗೆ ವಾಸನೆಯೇ ತಿಳಿಯದು ಎಂಬುದು ಇದಕ್ಕೆ ಹಿಂದೆಲ್ಲ ಕೊಡುತ್ತಿದ್ದ ಕಾರಣ, ಆ ಕಾರಣ ತಪ್ಪು. ಜರ್ಮನಿಯ ಬಾರ್ಬರಾ ಕ್ಯಾಸ್ಪರ್ಸ್ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಮರಿಗಳು ಸ್ವಂತ ಗೂಡಿನ ವಾಸನೆಯನ್ನು ಬೇರೆ ಗೂಡಿನದರಿಂದ ಬೇರ್ಪಡಿಸಿ ಗುರುತಿಸುತ್ತವೆಂದು ತೋರಿಸಿದ್ದಾರೆ. ಆದರೆ ಗುರುತಿಸುವುದು ಬೇರೆ, ತೊರೆಯುವುದು ಬೇರೆ. ಕೂಗುತ್ತ ಬಾಯಿ ತೆರೆಯುವ ಮರಿಯನ್ನು ನಮ್ಮ ಕೈಯ ವಾಸನೆಗಾಗಿ ತಾಯಿ ಬಿಟ್ಟುಹೋಗುವುದಿಲ್ಲ. ಗುರುತಿಗಾಗಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಸಂಶೋಧಕರು ಮರಿಗಳನ್ನು ಕೈಯಲ್ಲಿ ಹಿಡಿದು ತೂಗಿ ಮತ್ತೆ ಗೂಡಿಗಿಡುತ್ತಾರೆ, ತಾಯಿ ತಂದೆ ಬಂದು ಉಣಿಸುತ್ತವೆ.

ಹಾಗಾಗಿ ಬೇಸಿಗೆಯ ಗಾಳಿಗೆ ಪಿಕಳಾರದ್ದೋ ಗೊರವಂಕದ್ದೋ ಪುಕ್ಕ ಮೂಡದ ಮರಿ ಅಂಗಳಕ್ಕೆ ಬಿದ್ದರೆ ಹಿಂಜರಿಯಬೇಡಿ, ಎತ್ತಿ ಗೂಡಿಗೆ ಇಡಿ. ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬೆಕ್ಕು ನಾಯಿ ಸುಳಿಯದಂತೆ ಹತ್ತಿರದ ಕೊಂಬೆಯ ಮೇಲಿಟ್ಟು ದೂರ ನಿಲ್ಲಿ. ಹಾಲು ಹನಿಸಬೇಡಿ, ಮನೆಯೊಳಗೆ ತರಬೇಡಿ. ನೀವು ಸರಿದು ನಿಂತರೆ ತಾಯಿ ಬರುತ್ತದೆ.